ಗಡಿನಾಡಿನ ಸಣ್ಣ ವ್ಯಾಪಾರಕ್ಕೆ ಸರಳ ವೆಬ್‌ಸೈಟ್: ನೋಟ್‌ಪುಸ್ತಕದಿಂದ ಮೊಬೈಲ್ ಪರದೆಯವರೆಗೆ

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಹಲಸಿನ ಹಪ್ಪಳ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಬೇಸಗೆಯ ಒಂದು ದಿನ ಅವರ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅಮ್ಮನ ಹಪ್ಪಳಕ್ಕೆ ಒಂದು ವೆಬ್‌ಸೈಟ್ ಮಾಡಿಕೊಡಿ ಅಣ್ಣ" ಎಂದ. ನಾನು ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಹಿಡಿದುಕೊಂಡು ಅವರ ಮನೆಗೆ ಹೋದೆ. "ಒಂದು ವಾರ, ಫೋನಿನಲ್ಲಿ ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆದಿಡಿ ಅಕ್ಕ. ವೆಬ್‌ಸೈಟ್ ಆಮೇಲೆ ನೋಡುವ" ಎಂದೆ.

ವಾರ ಕಳೆದು ಪುಸ್ತಕ ತೆರೆದರೆ ನಮ್ಮ ಕಾಸರಗೋಡೇ ಅದರೊಳಗೆ ಕೂತಿತ್ತು. ಹವ್ಯಕರ ಮನೆಯಿಂದ "ಹಪ್ಪಳ ಇದ್ದೋ ಅಕ್ಕ?", ತುಳುವಿನಲ್ಲಿ "ಹಪ್ಪಳ ಉಂಡಾ ಅಕ್ಕ?", ಚೆರ್ಕಳದ ಕಡೆಯಿಂದ "ಚಕ್ಕ ಪಪ್ಪಡಂ ಉಂಡೋ ಚೇಚಿ?". ಭಾಷೆ ಮೂರು, ಪ್ರಶ್ನೆ ಒಂದೇ. ಅದರ ಬೆನ್ನಿಗೇ ಬರುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ: ಒಂದು ಕಟ್ಟಿನಲ್ಲಿ ಎಷ್ಟು ಹಪ್ಪಳ, ಕ್ರಯ ಎಷ್ಟು, ಖಾರದ್ದೋ ಸಪ್ಪೆಯೋ, ಬೆಂಗಳೂರಿಗೆ ಕಳುಹಿಸುತ್ತೀರಾ, ಮನೆ ಎಲ್ಲಿ, ಭಾನುವಾರ ಬಂದರೆ ಸಿಗುತ್ತೀರಾ.

ಈ ಪಟ್ಟಿಯೇ ವೆಬ್‌ಸೈಟಿನ ನಕ್ಷೆ. ಅತಿ ಹೆಚ್ಚು ಸಲ ಬಂದ ಪ್ರಶ್ನೆಯ ಉತ್ತರ ಎಲ್ಲಕ್ಕಿಂತ ಮೇಲೆ, ಅಪರೂಪಕ್ಕೆ ಬಂದದ್ದು ಕೆಳಗೆ, ಯಾರೂ ಕೇಳದ್ದು ಬೇಡವೇ ಬೇಡ. "ನಮ್ಮ ಧ್ಯೇಯೋದ್ದೇಶ" ಎಂಬ ಪುಟ ಬೇಕೆಂದು ಆ ಏಳು ದಿನಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ನಿಮ್ಮದು ಅಡಿಕೆ ನರ್ಸರಿ ಇರಲಿ, ಹೊಲಿಗೆ ಅಂಗಡಿ ಇರಲಿ, ಬೇಕಲ ಕೋಟೆಯ ಹತ್ತಿರದ ಹೋಂಸ್ಟೇ ಇರಲಿ, ಈ ಒಂದು ವಾರದ ಕೆಲಸ ಬಿಡಬೇಡಿ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಎಷ್ಟೋ ವೆಬ್‌ಸೈಟ್‌ಗಳು ಗಿರಾಕಿಗೆ ಪ್ರಯೋಜನವಿಲ್ಲದೆ ಬಿದ್ದಿರುವುದು ಈ ಕೆಲಸ ಮಾಡದ ಕಾರಣಕ್ಕೇ ಎಂದು ನನ್ನ ಗಟ್ಟಿ ನಂಬಿಕೆ.

ವಿಳಾಸ ನಿಮ್ಮ ಹೆಸರಿನಲ್ಲಿರಲಿ

ವೆಬ್‌ಸೈಟಿನ ವಿಳಾಸಕ್ಕೆ ಡೊಮೇನ್ ಎನ್ನುತ್ತಾರೆ. ಇದನ್ನು ವರ್ಷದ ಲೆಕ್ಕದಲ್ಲಿ ಹಣ ಕೊಟ್ಟು ನೋಂದಾಯಿಸಬೇಕು. ಡಾಟ್ ಇನ್ ಅಥವಾ ಡಾಟ್ ಕಾಮ್ ಯಾವುದಾದರೂ ಆಗುತ್ತದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಕೊನೆಯಾಗುವ ವಿಳಾಸವೂ ಸಿಗುತ್ತದೆ. ಅದನ್ನು ಅಭಿಮಾನದಿಂದ ತೆಗೆದುಕೊಳ್ಳಿ, ಆದರೆ ಎರಡನೆಯದಾಗಿ ಇಟ್ಟುಕೊಳ್ಳಿ. ಕಾಞಂಗಾಡಿನ ಗಿರಾಕಿಯ ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲ, ಅವರು ಆ ವಿಳಾಸ ಹೇಗೆ ಟೈಪ್ ಮಾಡಿಯಾರು?

ಹೆಸರು ಚಿಕ್ಕದಿರಲಿ, ಫೋನಿನಲ್ಲಿ ಒಂದೇ ಸಲ ಹೇಳಿದರೆ ಬರೆದುಕೊಳ್ಳುವಂತಿರಲಿ. ನಡುವೆ ಅಡ್ಡಗೆರೆ, ಅಂಕಿ ಬೇಡ. ನಮ್ಮ ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಕಾಸರಗೋಡು ಎಂಬುದನ್ನೇ ‘ರ’ದ ನಂತರ ಒಂದು ‘ಎ’ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಹಾಗಾಗಿ ಊರಿನ ಹೆಸರನ್ನು ವಿಳಾಸದೊಳಗೆ ತುರುಕದಿರುವುದೇ ಲೇಸು.

ಇನ್ನು ನಾನೇ ಪೆಟ್ಟು ತಿಂದ ವಿಷಯ. ನಮ್ಮ ಮನೆಯವರ ನರ್ಸರಿಗೆ ಮೊದಲ ಸಲ ವೆಬ್‌ಸೈಟ್ ಮಾಡಿಸಿದಾಗ ಮಾಡಿಕೊಟ್ಟವರು ಡೊಮೇನನ್ನು ತಮ್ಮದೇ ಇಮೇಲ್‌ನಲ್ಲಿ, ತಮ್ಮದೇ ಹೆಸರಿನಲ್ಲಿ ನೋಂದಾಯಿಸಿದ್ದರು. ನಮಗೆ ಅದು ಗೊತ್ತೇ ಇರಲಿಲ್ಲ. ಎರಡು ವರ್ಷದ ಬಳಿಕ ಅವರು ಕೆಲಸ ಬಿಟ್ಟು ಎಲ್ಲಿಗೋ ಹೋದರು, ನವೀಕರಣದ ನೆನಪೋಲೆ ಅವರ ಇಮೇಲಿಗೇ ಹೋಯಿತು, ಡೊಮೇನ್ ಕೈಬಿಟ್ಟಿತು. ಬೇರೆ ಯಾರೋ ಅದನ್ನು ಕೊಂಡರು. ವಿಸಿಟಿಂಗ್ ಕಾರ್ಡ್, ಜೀಪಿನ ಹಿಂಬದಿ, ಗಿಡದ ಚೀಲ, ಎಲ್ಲದರ ಮೇಲೂ ಅಚ್ಚಾಗಿದ್ದ ವಿಳಾಸ ನಮ್ಮದಲ್ಲದಾಯಿತು. ಅಪ್ಪ ಆ ಚೀಲಗಳ ಮೇಲೆ ಸ್ಟಿಕರ್ ಅಂಟಿಸುತ್ತಾ ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ, ಯಾರೇ ಮಾಡಿಕೊಡಲಿ, ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಆಗಲಿ. ಆ ಇಮೇಲಿಗೆ ಎರಡು ಹಂತದ ಭದ್ರತೆ, ಎಂದರೆ ಪಾಸ್‌ವರ್ಡ್ ಜತೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ, ಹಾಕಿ. ತಾನಾಗಿ ನವೀಕರಣವಾಗುವ ಆಯ್ಕೆ ಇದ್ದರೆ ಆನ್ ಮಾಡಿ, ಆದರೂ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಪಾಸ್‌ವರ್ಡ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದು ಬ್ಯಾಂಕಿನ ಪಾಸ್‌ಬುಕ್ ಇಡುವ ಕಡೆ ಇಡಿ.

ಯಾವುದರಲ್ಲಿ ಕಟ್ಟುವುದು

ಈ ಪ್ರಶ್ನೆಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಅಷ್ಟು ಬೇಕಿಲ್ಲ. ಒಂದೆರಡು ಪುಟ ಸಾಕಾಗುವ ವ್ಯಾಪಾರಕ್ಕೆ ಗೂಗಲ್ ಸೈಟ್ಸ್ ಎಂಬ ಪುಟ ಕಟ್ಟುವ ಸಾಧನ ಸಾಕು, ಅದಕ್ಕೆ ಹಣವಿಲ್ಲ, ನಿಮ್ಮ ಸ್ವಂತ ಡೊಮೇನ್ ಅದಕ್ಕೆ ಜೋಡಿಸಬಹುದು. ಮನೆಯಲ್ಲಿ ಎಚ್‌ಟಿಎಂಎಲ್ ಎಂಬ ವೆಬ್ ಪುಟ ಬರೆಯುವ ಭಾಷೆ ಬಲ್ಲ ಮಕ್ಕಳಿದ್ದರೆ ಕೈಯಲ್ಲೇ ಬರೆದ ಒಂದು ಪುಟವನ್ನು, ವ್ಯಾಪಾರದ ಪುಟಕ್ಕೂ ಉಚಿತ ಜಾಗ (ಹೋಸ್ಟಿಂಗ್) ಕೊಡುವ ಕಡೆ ಖರ್ಚಿಲ್ಲದೆ ಇಡಬಹುದು. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಸಾಮಾನಿನ ಪಟ್ಟಿ ಉದ್ದ ಇದ್ದರೆ, ಆಗಾಗ ಬದಲಾಗುತ್ತಿದ್ದರೆ ವರ್ಡ್‌ಪ್ರೆಸ್ ಎಂಬ ತಂತ್ರಾಂಶ. ಆದರೆ ವರ್ಡ್‌ಪ್ರೆಸ್‌ಗೆ ತಿಂಗಳಿಗೊಮ್ಮೆಯಾದರೂ ಕೂತು ಅಪ್‌ಡೇಟ್ ಮಾಡುವವರು ಬೇಕು, ಇಲ್ಲದಿದ್ದರೆ ಹ್ಯಾಕ್ ಆಗುವ ಅಪಾಯ ಇದೆ.

ಎಲ್ಲಿ ಕಟ್ಟಿದರೂ ಸ್ವಂತ ಡೊಮೇನ್ ಬಿಡಬೇಡಿ. ಗೂಗಲ್ ತನ್ನ ಹುಡುಕಾಟ, ನಕಾಶೆಗಳಲ್ಲಿ ಅಂಗಡಿಯ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲ್ ಜತೆ ಸಣ್ಣ ವ್ಯಾಪಾರಿಗಳಿಗೆ ಒಂದು ಪುಟದ ಉಚಿತ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು. ಸ್ವಂತ ವಿಳಾಸ ಇದ್ದವರು ಪುಟವನ್ನು ಬೇರೆ ಕಡೆಗೆ ಸಾಗಿಸಿ ಅದೇ ವಿಳಾಸದಲ್ಲಿ ಮುಂದುವರಿದರು. ಬಾಡಿಗೆ ಮನೆ ಬದಲಾದರೂ ಫೋನ್ ನಂಬರ್ ಬದಲಾಗದಿದ್ದ ಹಾಗೆ.

ಪುಟಕ್ಕೂ ಗಿರಾಕಿಯ ಫೋನಿಗೂ ನಡುವಿನ ಮಾಹಿತಿ ಗುಪ್ತವಾಗಿರಲು ಎಸ್‌ಎಸ್‌ಎಲ್ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಬ್ರೌಸರ್ ‘ಸುರಕ್ಷಿತವಲ್ಲ’ ಎನ್ನುತ್ತದೆ. ಇದಕ್ಕೆ ವರ್ಷಕ್ಕೆ ಇಷ್ಟು ಸಾವಿರ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಹೆಚ್ಚಿನ ಹೋಸ್ಟಿಂಗ್‌ಗಳಲ್ಲಿ ಅದು ತಾನಾಗಿಯೇ ಬರುತ್ತದೆ.

ಮೊದಲ ಪರದೆ

ನೀರ್ಚಾಲಿನ ಅಕ್ಕನ ಪುಟ ಮೊಬೈಲಿನಲ್ಲಿ ತೆರೆದ ಕೂಡಲೇ, ಬೆರಳು ತಾಗಿಸುವ ಮೊದಲು, ಕಾಣುವುದು ಇಷ್ಟು:

ಹಲಸಿನ ಹಪ್ಪಳ, ನೀರ್ಚಾಲು
ಮನೆಯಲ್ಲಿ ಮಾಡಿ ಬಿಸಿಲಲ್ಲಿ ಒಣಗಿಸಿದ್ದು. ಖಾರದ್ದೂ ಇದೆ, ಸಪ್ಪೆಯೂ ಇದೆ.
50 ಹಪ್ಪಳದ ಕಟ್ಟಿಗೆ 220 ರೂಪಾಯಿ
ಈಗ ಸ್ಟಾಕ್ ಇದೆ
ಫೋನ್ ಮಾಡಿ / ವಾಟ್ಸಾಪ್‌ನಲ್ಲಿ ಕೇಳಿ / ದಾರಿ ತೋರಿಸಿ

ಅದರ ಕೆಳಗೆ ಅಂಗಳದ ಚಾಪೆಯ ಮೇಲೆ ಹಪ್ಪಳ ಒಣಗುತ್ತಿರುವ ಒಂದು ಫೋಟೋ. ಅಷ್ಟೇ.

ಈ ಐದು ಸಾಲು ಬರೆಯಲು ನಮಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಮೊದಲು ನಾನು "ಪರಂಪರಾಗತ ಶೈಲಿಯ ಉತ್ಕೃಷ್ಟ ಹಲಸಿನ ಹಪ್ಪಳ" ಎಂದು ಬರೆದಿದ್ದೆ. ಅಕ್ಕ ಓದಿ, "ಇದು ನಾನು ಮಾಡುವ ಹಪ್ಪಳದ ಬಗ್ಗೆಯಾ?" ಎಂದು ಕೇಳಿದರು. ಅವರು ಕೇಳಿದ್ದೇ ಸರಿ. ಅಂಗಡಿಯ ಕಟ್ಟೆಯಲ್ಲಿ ನಿಂತವರಿಗೆ ನೀವು ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ. ಬಟನ್‌ಗಳ ಮೇಲೂ ಅಷ್ಟೇ. "ಸಂಪರ್ಕಿಸಿ", "ಇನ್ನಷ್ಟು ತಿಳಿಯಿರಿ" ಎಂದರೆ ಒತ್ತಿದಾಗ ಏನಾಗುತ್ತದೆಂದು ಗೊತ್ತಾಗುವುದಿಲ್ಲ. "ಫೋನ್ ಮಾಡಿ" ಎಂದರೆ ಫೋನ್ ಹೋಗುತ್ತದೆ.

ಫೋನ್ ನಂಬರನ್ನು ಚಿತ್ರದೊಳಗೆ ಬರೆಯಬೇಡಿ, ಅಕ್ಷರವಾಗಿಯೇ ಇರಲಿ, ಒತ್ತಿದರೆ ಡಯಲ್ ಆಗುವ ಕೊಂಡಿ ಇರಲಿ. ವಾಟ್ಸಾಪ್ ಕೊಂಡಿಯಲ್ಲಿ ನಂಬರಿನ ಮುಂದೆ 91 ಸೇರಿಸಬೇಕು, ಕೂಡಿಸುವ ಚಿಹ್ನೆಯಾಗಲಿ ಸೊನ್ನೆಯಾಗಲಿ ಹಾಕಬಾರದು. ಗಲ್ಫಿನಲ್ಲಿರುವ ನಮ್ಮೂರಿನವರು ಊರಿಗೆ ಬರುವ ಮೊದಲು ಸಾಮಾನು ಹೇಳಿಡುವುದು ಈ ಕೊಂಡಿಯಿಂದಲೇ. ಕೊಂಡಿಯಲ್ಲಿ ಮೊದಲೇ ಒಂದು ಸಾಲು ತುಂಬಿಸಿಡಬಹುದು: "ನನಗೆ ಹಪ್ಪಳ ಬೇಕಿತ್ತು. ಖಾರದ್ದು __ ಕಟ್ಟು, ಸಪ್ಪೆ __ ಕಟ್ಟು, ಕಳುಹಿಸಬೇಕಾದ ಊರು __". ಗಿರಾಕಿ ಖಾಲಿ ಜಾಗ ತುಂಬಿಸಿ ಕಳುಹಿಸಿದರಾಯಿತು. ಹತ್ತು ಮೆಸೇಜಿನಲ್ಲಿ ಆಗುವ ಮಾತು ಎರಡರಲ್ಲಿ ಮುಗಿಯುತ್ತದೆ.

ಅಳತೆಗಳು: ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾಗಬಾರದು, ಕನ್ನಡಕ್ಕೆ 18 ಒಳ್ಳೆಯದು. ಬಟನ್ ಕನಿಷ್ಠ 48 ಪಿಕ್ಸೆಲ್ ಎತ್ತರ ಇರಲಿ, ತೋಟದ ಕೆಲಸ ಮಾಡಿದ ದಪ್ಪ ಬೆರಳಿಗೂ ಸಿಗಬೇಕು. ಅಕ್ಷರದ ಬಣ್ಣಕ್ಕೂ ಹಿಂಬದಿಯ ಬಣ್ಣಕ್ಕೂ ನಡುವಿನ ವ್ಯತ್ಯಾಸದ ಪ್ರಮಾಣ ಕನಿಷ್ಠ 4.5ಕ್ಕೆ 1 ಇರಬೇಕೆಂದು ಅಂತರರಾಷ್ಟ್ರೀಯ ಸುಲಭಬಳಕೆಯ ಮಾನದಂಡ ಹೇಳುತ್ತದೆ. ಇದನ್ನು ಅಳೆಯುವ ಉಚಿತ ಸಾಧನಗಳು ಬೇಕಾದಷ್ಟಿವೆ. ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಅಕ್ಷರ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ, ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಏನೂ ಕಾಣುವುದಿಲ್ಲ. ತಾನಾಗಿ ಓಡುವ ಚಿತ್ರಮಾಲೆ, ಎದುರಿಗೆ ಹಾರಿ ಬರುವ ಪೆಟ್ಟಿಗೆ, ತೆರೆದೊಡನೆ ಹಾಡು, ಇವು ಮೂರೂ ಬೇಡ. ಯಾರು ಎಷ್ಟು ಒತ್ತಾಯ ಮಾಡಿದರೂ ಬೇಡ.

ಮೂರು ಭಾಷೆಯ ಅಂಗಡಿ

ಗಡಿನಾಡಿನ ವೆಬ್‌ಸೈಟಿಗೂ ಮೈಸೂರಿನದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಕಾಸರಗೋಡನ್ನು ನಾವು ಸಪ್ತಭಾಷಾ ಸಂಗಮಭೂಮಿ ಎನ್ನುತ್ತೇವೆ: ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ಹಾಗೆಂದು ಏಳು ಭಾಷೆಯಲ್ಲಿ ಪುಟ ಬೇಕಿಲ್ಲ. ತುಳು, ಕೊಂಕಣಿ, ಮರಾಠಿ ಮಾತಾಡುವ ಮನೆಗಳಲ್ಲಿ ಬಹಳಷ್ಟು ಜನ ಓದುವುದು ಕನ್ನಡದಲ್ಲಿ ಅಥವಾ ಮಲಯಾಳದಲ್ಲಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರಿದ್ದರೆ ಹೆಚ್ಚುಕಡಿಮೆ ಎಲ್ಲರೂ ಸೇರುತ್ತಾರೆ.

ಭಾಷೆ ಆರಿಸುವ ಬಟನ್ ಪುಟದ ಮೇಲ್ತುದಿಯಲ್ಲೇ ಇರಲಿ, ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಲಿ. ‘ಮಲಯಾಳಂ’ ಎಂದು ಕನ್ನಡದಲ್ಲಿ ಬರೆದರೆ ಕನ್ನಡ ಓದಲು ಬಾರದವರಿಗೆ ಅದು ಕಾಣುವುದು ಹೇಗೆ? ಗಿರಾಕಿ ಇರುವ ಜಾಗ ನೋಡಿ ಭಾಷೆಯನ್ನು ತಾನಾಗಿ ಬದಲಿಸುವ ಸೌಲಭ್ಯ ಕೆಲವು ಸಾಧನಗಳಲ್ಲಿದೆ. ನಮ್ಮಲ್ಲಿ ಅದನ್ನು ಖಂಡಿತ ಹಾಕಬೇಡಿ. ಕೇರಳ ಎಂದು ಕಂಡ ಕೂಡಲೇ ಅದು ಮಲಯಾಳ ತೋರಿಸುತ್ತದೆ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಎಳೆದಾಗ ನಾವು ಆಚೆ, ಕೇರಳದಲ್ಲಿ ಉಳಿದೆವು, ನಮ್ಮ ಭಾಷೆ ಉಳಿದದ್ದು ಮನೆಯಲ್ಲಿ, ಶಾಲೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ. ನಮ್ಮದೇ ಅಂಗಡಿಯ ಪುಟ ನಮ್ಮ ಭಾಷೆ ಯಾವುದೆಂದು ನಕಾಶೆ ನೋಡಿ ತೀರ್ಮಾನಿಸಬಾರದು.

ಪ್ರತಿ ಭಾಷೆಗೂ ಬೇರೆ ಬೇರೆ ವಿಳಾಸದ ಪುಟ ಇರಲಿ. ಒಂದೇ ಪುಟದಲ್ಲಿ ಮೂರು ಭಾಷೆಯನ್ನು ಸಾಲಾಗಿ ಹಾಕಿದರೆ ಮೊಬೈಲಿನಲ್ಲಿ ಉರುಳಿಸುತ್ತಾ ಹೋಗಬೇಕು, ಗೂಗಲ್‌ಗೂ ಯಾವ ಪುಟವನ್ನು ಯಾರಿಗೆ ತೋರಿಸುವುದೆಂದು ತಿಳಿಯುವುದಿಲ್ಲ. ಪುಟದ ಕೋಡಿನಲ್ಲಿ ಭಾಷೆಯ ಗುರುತು ಹಾಕಬೇಕು, ಕನ್ನಡಕ್ಕೆ ‘ಕೆಎನ್’, ಮಲಯಾಳಕ್ಕೆ ‘ಎಂಎಲ್’. ಇದು ಸರಿ ಇದ್ದರೆ ಕಣ್ಣು ಕಾಣದವರ ಮೊಬೈಲ್ ಆ ಪುಟವನ್ನು ಸರಿಯಾದ ಭಾಷೆಯಲ್ಲಿ ಓದಿ ಹೇಳುತ್ತದೆ.

ಅನುವಾದವನ್ನು ಯಂತ್ರಕ್ಕೆ ಒಪ್ಪಿಸಿ ಸುಮ್ಮನಾಗಬೇಡಿ. "ಎರಡು ಕಟ್ಟು" ಎಂಬಲ್ಲಿ ‘ಕಟ್ಟು’ ನಾಮಪದವೋ ಕ್ರಿಯಾಪದವೋ ಎಂದು ಅದು ತಡಬಡಿಸುತ್ತದೆ. ಅಕ್ಕನ ಮಲಯಾಳ ಪುಟವನ್ನು ಪಕ್ಕದ ಮನೆಯ ಮಲಯಾಳ ಟೀಚರ್ ಓದಿ ತಿದ್ದಿಕೊಟ್ಟರು, ಕೂಲಿ ಎರಡು ಕಟ್ಟು ಹಪ್ಪಳ. ಇನ್ನೊಂದು ಎಚ್ಚರ: ಕನ್ನಡ ಪುಟದಲ್ಲಿ ಕ್ರಯ ಬದಲಿಸಿ ಮಲಯಾಳ ಪುಟದಲ್ಲಿ ಮರೆತರೆ ಗಿರಾಕಿಗಳು ಪರಸ್ಪರ ಮಾತಾಡಿಕೊಳ್ಳುತ್ತಾರೆ, ಭಾಷೆ ನೋಡಿ ಕ್ರಯ ಹೇಳುತ್ತಾರೆ ಎಂಬ ಹೆಸರು ಬರುತ್ತದೆ. ಕ್ರಯವನ್ನು ಮೂರು ಪುಟಗಳಲ್ಲೂ ಒಂದೇ ಸಲಕ್ಕೆ ಕೂತು ಬದಲಿಸಿ. ಅಂಕಿಗಳು 1, 2, 3 ಎಂದೇ ಇರಲಿ. ಕನ್ನಡ ಅಂಕಿ ನನಗೂ ಪ್ರೀತಿಯದ್ದೇ, ಆದರೆ ಕ್ರಯ ಮತ್ತು ಫೋನ್ ನಂಬರ್ ಎಲ್ಲರಿಗೂ ಓದಲು ಬರಬೇಕು.

ಕನ್ನಡ ಅಕ್ಷರ ಪರದೆಯ ಮೇಲೆ

ಪ್ರೆಸ್ಸಿನಲ್ಲಿ ಹಿಂದೆ ಮಾಡಿಸಿದ ಕರಪತ್ರದ ಮ್ಯಾಟರ್ ಇದೆ, ಅದನ್ನೇ ಹಾಕಿ ಎಂದು ಹಲವರು ಫೈಲ್ ಕೊಡುತ್ತಾರೆ. ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಾರಣ ಇಷ್ಟೇ. ಪ್ರೆಸ್ಸಿನವರು ಬಳಸುವ ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಕಂಪ್ಯೂಟರಿನೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರದ ಸಂಕೇತವೇ, ಮೇಲಿನ ವೇಷ ಮಾತ್ರ ಕನ್ನಡ. ವೆಬ್‌ಸೈಟಿಗೆ ಯೂನಿಕೋಡ್ ಬೇಕು, ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇದೆ. ಪರಿವರ್ತಿಸುವ ಉಚಿತ ಸಾಧನಗಳಿವೆ, ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ನಾಲ್ಕೈದು ಪ್ಯಾರಾ ಇದ್ದರೆ ಮೊಬೈಲಿನಲ್ಲಿ ಬಾಯಲ್ಲಿ ಹೇಳಿ ಬರೆಸಿ ತಿದ್ದುವುದೇ ಬೇಗ ಆಗುತ್ತದೆ.

ಫ್ಲೆಕ್ಸ್ ಬ್ಯಾನರಿನ ಚಿತ್ರವನ್ನೇ ಪುಟದಲ್ಲಿ ಅಂಟಿಸುವುದು ಇನ್ನೊಂದು ರೂಢಿ. ಚಿತ್ರದೊಳಗಿನ ಅಕ್ಷರ ಗೂಗಲ್ ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ನಂಬರ್ ನಕಲು ಮಾಡುವುದು ಕಷ್ಟ.

ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಆಗಬಹುದು, ಅನೇಕ್ ಕನ್ನಡವೂ ಚೆನ್ನಾಗಿದೆ. ಶೀರ್ಷಿಕೆ ದುಂಡಗೆ ಬೇಕೆಂದರೆ ಬಾಲೂ ತಮ್ಮ. ಎಲ್ಲವೂ ಉಚಿತ. ಒಂದೇ ಫಾಂಟ್, ಸಾಮಾನ್ಯ ಮತ್ತು ದಪ್ಪ ಎರಡೇ ರೂಪ. ಹೆಚ್ಚು ಸೇರಿಸಿದಷ್ಟೂ ಪುಟ ಭಾರ. ಸಾಲುಗಳ ನಡುವೆ ಜಾಗ ಸಾಕಷ್ಟು ಬಿಡಿ, ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು. ಇಂಗ್ಲಿಷಿಗೆ ಹೊಂದಿಸಿದ ಸಿದ್ಧ ವಿನ್ಯಾಸ ಹಾಗೇ ಬಳಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆದು ನೋಡಿ, ಗೊತ್ತಾಗುತ್ತದೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಆಯ್ಕೆ ಸೊನ್ನೆಯಲ್ಲಿರಲಿ. ಎರಡೂ ಬದಿ ಸಮ ಮಾಡುವ ಜೋಡಣೆ ಬೇಡ, ನಮ್ಮ ಪದಗಳು ಉದ್ದ, ಮೊಬೈಲಿನ ಕಿರಿದಾದ ಸಾಲಿನಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಬಿಲ ಬೀಳುತ್ತದೆ. ಎಡಕ್ಕೆ ಜೋಡಿಸಿದರೆ ಸಾಕು.

ಫೋಟೋ ಮತ್ತು ವೇಗ

ಅಂತರ್ಜಾಲದಿಂದ ಎತ್ತಿದ ಚಿತ್ರ ಹಾಕಬೇಡಿ. ಗಿರಾಕಿಗೆ ಬೇಕಾದದ್ದು ನಿಮ್ಮ ಹಪ್ಪಳ, ನಿಮ್ಮ ಅಂಗಡಿ. ಬೆಳಗ್ಗೆ ಎಂಟರ ಹೊತ್ತಿಗೆ, ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಹಪ್ಪಳವನ್ನು ಅಂಗೈ ಮೇಲಿಟ್ಟು ಒಂದು ಫೋಟೋ, ಗಾತ್ರ ತಿಳಿಯುತ್ತದೆ. ಕರಿದದ್ದು ಒಂದು, ಕಟ್ಟಿನದ್ದು ಒಂದು, ರಸ್ತೆಯಿಂದ ಮನೆಯ ಗೇಟು ಕಾಣುವ ಹಾಗೆ ಒಂದು. ಈ ಕೊನೆಯದನ್ನು ಯಾರೂ ಹಾಕುವುದಿಲ್ಲ, ಹುಡುಕಿಕೊಂಡು ಬರುವವರಿಗೆ ಅದರಷ್ಟು ಉಪಕಾರ ಇನ್ಯಾವುದೂ ಇಲ್ಲ.

ಮೊಬೈಲಿನಲ್ಲಿ ತೆಗೆದ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಅದನ್ನು ಹಾಗೇ ಏರಿಸಿದರೆ ದೇಲಂಪಾಡಿ, ಅಡೂರಿನ ಗುಡ್ಡದ ಮರೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಇರುವಲ್ಲಿ ಪುಟ ತೆರೆಯುವುದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಫೋಟೋ ರೂಪಕ್ಕೆ ಬದಲಿಸಿ, 150 ಕೆಬಿಯೊಳಗೆ ತನ್ನಿ. ಸ್ಕ್ವೂಶ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಇದನ್ನು ಮಾಡಿಕೊಡುತ್ತದೆ. ಪ್ರತಿ ಫೋಟೋಗೂ ಅಗಲ, ಎತ್ತರ ಕೋಡಿನಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಫೋಟೋ ತಡವಾಗಿ ಬಂದಾಗ ಅಕ್ಷರ ಕೆಳಕ್ಕೆ ಜಿಗಿಯುತ್ತದೆ, "ಫೋನ್ ಮಾಡಿ" ಒತ್ತಲು ಹೋದವರ ಬೆರಳು ಬೇರೆ ಕಡೆ ಬೀಳುತ್ತದೆ.

ಗೂಗಲಿನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ವಿಳಾಸ ಹಾಕಿ ಪರೀಕ್ಷಿಸಿ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಜಿಗಿತದ ಅಂಕ 0.1ಕ್ಕಿಂತ ಕಡಿಮೆ ಇರಬೇಕು, ಒತ್ತಿದಾಗಿನ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು. ಹಸಿರು ಬಂದರೆ ಮುಗಿಯಿತು, ನೂರಕ್ಕೆ ನೂರು ಬರಲಿ ಎಂದು ರಾತ್ರಿ ಕೂರಬೇಡಿ.

ದಾರಿ ಮತ್ತು ಊರಿನ ಹೆಸರು

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ, ಇಂದೇ ಮಾಡಿ. "ಹತ್ತಿರದಲ್ಲಿ ಹಲಸಿನ ಹಪ್ಪಳ" ಎಂದು ಹುಡುಕುವವರಿಗೆ ಮೊದಲು ಕಾಣುವುದು ಅದು, ನಂತರ ವೆಬ್‌ಸೈಟ್. ಎರಡರಲ್ಲೂ ಹೆಸರು, ವಿಳಾಸ, ನಂಬರ್, ಸಮಯ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ನಕಾಶೆಯ ಗುರುತು ನಿಮ್ಮ ಗೇಟಿನ ಮೇಲೇ ಬಿದ್ದಿದೆಯೇ ಎಂದು ಸ್ಯಾಟಲೈಟ್ ಚಿತ್ರದಲ್ಲಿ ನೋಡಿ. ನಮ್ಮ ತೋಟದ ದಾರಿಗಳಲ್ಲಿ ಗುರುತು ಐವತ್ತು ಮೀಟರ್ ತಪ್ಪಿದರೆ ಕಾರು ಬೇರೆಯವರ ಅಂಗಳಕ್ಕೆ ಹೋಗಿ ನಿಲ್ಲುತ್ತದೆ.

ಊರಿನ ಹೆಸರಿಗೆ ಜಿಲ್ಲೆ, ಪಿನ್‌ಕೋಡ್ ಸೇರಿಸಿಯೇ ಬರೆಯಿರಿ. ಕನ್ನಡದವರು ಹೊಸದುರ್ಗ ಎನ್ನುವ ಊರನ್ನು ಮಲಯಾಳದವರು ಕಾಞಂಗಾಡ್ ಎನ್ನುತ್ತಾರೆ, ಕನ್ನಡದಲ್ಲಿ ‘ಹೊಸದುರ್ಗ’ ಎಂದಷ್ಟೇ ಹುಡುಕಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಬರುತ್ತದೆ. ಕುಂಬಳೆ, ಮಂಜೇಶ್ವರಗಳನ್ನೂ ಎರಡು ಭಾಷೆಯಲ್ಲಿ ಬೇರೆ ಬೇರೆ ಬಗೆಯಲ್ಲಿ ಬರೆಯುತ್ತಾರೆ. ದಾರಿಯ ವಿವರಣೆಯಲ್ಲಿ ಎರಡೂ ಹೆಸರು ಬರಲಿ. "ಕುಂಬಳೆಯಿಂದ ಬದಿಯಡ್ಕದ ಬಸ್ ಹತ್ತಿ ನೀರ್ಚಾಲಿನಲ್ಲಿ ಇಳಿಯಿರಿ" ಎಂಬಂಥ ಒಂದು ಸಾಲು, ಕಾರಿನವರಿಗೆ ನಿಲ್ಲಿಸಲು ಜಾಗ ಉಂಟೋ ಇಲ್ಲವೋ ಎಂಬ ಇನ್ನೊಂದು ಸಾಲು.

ಆರ್ಡರ್, ಹಣ, ಕಾನೂನು

ಶುರುವಿಗೇ ಆನ್‌ಲೈನ್ ಬುಟ್ಟಿ, ಲಾಗಿನ್, ಕಾರ್ಡ್ ಪಾವತಿ ಬೇಡ. ವಾಟ್ಸಾಪ್‌ನಲ್ಲಿ ಆರ್ಡರ್, ಯುಪಿಐಯಲ್ಲಿ ಹಣ, ಅಂಚೆಯ ಸ್ಪೀಡ್ ಪೋಸ್ಟ್ ಅಥವಾ ಕೊರಿಯರ್. ದಿನಕ್ಕೆ ಹತ್ತಿಪ್ಪತ್ತು ಆರ್ಡರ್ ತನಕ ಇದು ನಡೆಯುತ್ತದೆ. ಸಾಗಣೆಯ ವೆಚ್ಚ ಎಷ್ಟು, ಯಾವ ದಿನ ಕಳುಹಿಸುತ್ತೀರಿ, ದಾರಿಯಲ್ಲಿ ಪುಡಿಯಾದರೆ ಏನು ಮಾಡುತ್ತೀರಿ, ಈ ಮೂರನ್ನು ಪುಟದಲ್ಲಿ ಮೊದಲೇ ಬರೆದುಬಿಡಿ. ಅಕ್ಕ ಬರೆಸಿದ್ದು: "ಪುಡಿಯಾದರೆ ಬಿಚ್ಚಿದ ಕೂಡಲೇ ಫೋಟೋ ಕಳುಹಿಸಿ, ಬೇರೆ ಕಟ್ಟು ಕಳುಹಿಸುತ್ತೇವೆ."

ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ, ಎಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆ ಪುಟದಲ್ಲಿ ಕಾಣಲಿ. ತೂಕ ಅಥವಾ ಎಣಿಕೆ, ಗರಿಷ್ಠ ಕ್ರಯ, ಎಷ್ಟು ಸಮಯದೊಳಗೆ ಬಳಸಬೇಕು, ಇವೂ ಇರಲಿ. ಆನ್‌ಲೈನ್ ಮಾರಾಟಕ್ಕೆ 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳಿವೆ: ದೂರು ಬಂದರೆ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಗಡಿಯವರು ಮರೆಯಬಾರದ ಇನ್ನೊಂದು ವಿಷಯ ತೆರಿಗೆ. ಮಂಗಳೂರು ನಮಗೆ ಪಕ್ಕದ ಪೇಟೆ, ಆದರೆ ರಾಜ್ಯದ ಗಡಿಯಾದ ತಲಪಾಡಿ ದಾಟಿದ ಸಾಮಾನು ಅಂತರರಾಜ್ಯ ಮಾರಾಟ. ತೆರಿಗೆಯಿರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಸಣ್ಣದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಹಪ್ಪಳದ ಜತೆ ಮಿಡಿ ಉಪ್ಪಿನಕಾಯಿಯನ್ನೂ ಪುಟಕ್ಕೆ ಸೇರಿಸುವ ಮೊದಲು ಲೆಕ್ಕಪತ್ರ ನೋಡುವವರ ಹತ್ತಿರ ಕೂತು ಮಾತಾಡಿ. "ಬೆಂಗಳೂರಿಗೂ ಕಳುಹಿಸುತ್ತೇವೆ" ಎಂದು ಪುಟದಲ್ಲಿ ಬರೆದ ಮೇಲೆ ಕೇಳುವ ವಿಷಯ ಇದಲ್ಲ.

ಗಿರಾಕಿಯಿಂದ ಹೆಸರು, ಫೋನ್, ವಿಳಾಸ ಬಿಟ್ಟು ಏನನ್ನೂ ಕೇಳಬೇಡಿ. ಹುಟ್ಟಿದ ದಿನಾಂಕ ನಿಮಗೇಕೆ?

ಕೈಗೆ ಕೊಟ್ಟು ಸುಮ್ಮನೆ ಕೂತುಕೊಳ್ಳಿ

ಪುಟ ಮುಗಿಯಿತೆಂದು ನಿಮಗೆ ಅನ್ನಿಸಿದ ದಿನ ಐದು ಜನರನ್ನು ಆರಿಸಿ. ಒಬ್ಬರು ಅರುವತ್ತು ದಾಟಿದವರು, ಒಬ್ಬರು ಮಲಯಾಳ ಮಾತ್ರ ಓದುವವರು, ಒಬ್ಬರು ಅಗ್ಗದ ಹಳೆಯ ಫೋನಿನವರು ಇರಲೇಬೇಕು. ಅವರದೇ ಫೋನಿನಲ್ಲಿ ಪುಟ ತೆರೆದು ಕೊಟ್ಟು, "ಎರಡು ಕಟ್ಟು ಖಾರದ ಹಪ್ಪಳ ಮಂಗಳೂರಿಗೆ ತರಿಸಬೇಕು, ಮಾಡಿ ನೋಡಿ" ಎನ್ನಿ. ಆಮೇಲೆ ಬಾಯಿ ಮುಚ್ಚಿ ಕೂತುಕೊಳ್ಳಿ. ಇದು ಬಹಳ ಕಷ್ಟ. "ಅಲ್ಲಿ, ಮೇಲೆ ಒತ್ತಿ" ಎಂದು ನಾಲಿಗೆ ತುದಿಗೆ ಬರುತ್ತದೆ, ಹೇಳಬೇಡಿ.

ಅಕ್ಕನ ಭಾವ, ಎಪ್ಪತ್ತರ ಹತ್ತಿರದವರು, ಹಪ್ಪಳದ ಫೋಟೋವನ್ನೇ ಮೂರು ಸಲ ಒತ್ತಿದರು. ಅವರ ಲೆಕ್ಕದಲ್ಲಿ ಸಾಮಾನು ಮುಟ್ಟಿದರೆ ಸಾಮಾನು ಸಿಗಬೇಕು. ತಪ್ಪು ಅವರದ್ದಲ್ಲ. ಅಂದೇ ಫೋಟೋಗೂ ವಾಟ್ಸಾಪ್ ಕೊಂಡಿ ಹಾಕಿದೆವು. ಇನ್ನೊಬ್ಬರು "220 ರೂಪಾಯಿ ಕಟ್ಟಿಗೋ, ಕಿಲೋಗೋ?" ಎಂದು ಕೇಳಿದರು, ಕ್ರಯದ ಸಾಲನ್ನು ಈಗಿನ ರೂಪಕ್ಕೆ ತಂದದ್ದು ಆಮೇಲೆ. ಎಲ್ಲಿ ತಡೆದರು, ಎಲ್ಲಿ ಹಿಂದೆ ಬಂದರು, ಏನು ಗೊಣಗಿದರು ಎಂದು ಅದೇ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಇಬ್ಬರು ತಡೆದ ಜಾಗವನ್ನು ಅಂದೇ ತಿದ್ದಿ.

ಮಳೆ ಹಿಡಿದ ಮೇಲೆ

ಜೂನ್‌ನಲ್ಲಿ ಮಳೆ ಹಿಡಿದರೆ ಹಪ್ಪಳ ಒಣಗುವುದಿಲ್ಲ, ಹಪ್ಪಳಕ್ಕಾಗುವ ಹಲಸೂ ಮುಗಿಯುತ್ತಾ ಬಂದಿರುತ್ತದೆ. ಇದ್ದ ಸ್ಟಾಕ್ ಖಾಲಿಯಾದ ಮೇಲೂ ಪುಟ "ಈಗ ಸ್ಟಾಕ್ ಇದೆ" ಎನ್ನುತ್ತಿದ್ದರೆ ಗಿರಾಕಿ ಪೆರ್ಲದಿಂದ ಬಸ್ ಹತ್ತಿ ಬಂದು ಬರಿಗೈಯಲ್ಲಿ ಹೋಗುತ್ತಾರೆ. ಅದಕ್ಕೇ ಸ್ಟಾಕಿನ ಸಾಲನ್ನು ಅಕ್ಕ ತಮ್ಮ ಮೊಬೈಲಿನಿಂದಲೇ ಬದಲಿಸುವ ಹಾಗೆ ಮಾಡಿಕೊಟ್ಟೆ. ಕಲಿಸಲು ಎರಡು ಸಂಜೆ ಬೇಕಾಯಿತು, ಯಾವುದನ್ನು ಒತ್ತಿ ಎಲ್ಲಿಗೆ ಹೋಗಬೇಕೆಂದು ಅವರ ಕೈಯಲ್ಲೇ ಬರೆಸಿ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದೆವು. ಮಾಡಿಸುವವರು ನೀವಾಗಿದ್ದರೆ ಹಣ ಪೂರ್ತಿ ಕೊಡುವ ಮೊದಲು ಇದನ್ನು ಕೇಳಿ ಕಲಿತುಕೊಳ್ಳಿ: ಕ್ರಯ ಬದಲಿಸುವುದು, ಸ್ಟಾಕ್ ಬದಲಿಸುವುದು, ಒಂದು ಫೋಟೋ ಬದಲಿಸುವುದು.

ಆ ವರ್ಷ ಮೊದಲ ಮಳೆಯ ವಾರ ಕಳೆದು ನಾನು ಪುಟ ತೆರೆದು ನೋಡಿದಾಗ ಮೂರು ಭಾಷೆಯಲ್ಲೂ ಸಾಲು ಬದಲಾಗಿತ್ತು. ಕನ್ನಡದಲ್ಲಿ ಹೀಗಿತ್ತು: "ಈ ವರ್ಷದ ಹಪ್ಪಳ ಮುಗಿಯಿತು. ಹಲಸು ಬಲಿತ ಮೇಲೆ ಮತ್ತೆ ಮಾಡುತ್ತೇವೆ. ಬೇಕಾದವರು ಈಗಲೇ ಹೆಸರು ಹೇಳಿಡಿ." ಕೊನೆಯ ವಾಕ್ಯ ನಾನು ಹೇಳಿಕೊಟ್ಟದ್ದಲ್ಲ.